ಸೀರೆ ಒಂದು, ಮುಖ ನಾಲ್ಕು

ಬೆಳಗಿನ ಆರೂವರೆ. ಹನಗೋಡಿನಿಂದ ಎರಡು ಮೈಲಿ ಒಳಗಿರುವ ಹಳ್ಳಿಯಲ್ಲಿ, ಪುಟ್ಟಮಾದಮ್ಮನ ಜಗಲಿಯ ಮೇಲೆ ಪ್ರಮೀಳಾ ಬಾಚಣಿಗೆ ಹಿಡಿದು ಕೂತಿದ್ದಾರೆ. ಎದುರಿಗೆ ಎಪ್ಪತ್ತು ದಾಟಿದ ಚಿಕ್ಕಮಾದಮ್ಮ. "ಬೈತಲೆ ಸೊಟ್ಟಗೈತೆ, ಅಲ್ಲಾಡ್ಬೇಡ್ರವ್ವ" ಎಂದು ಪ್ರಮೀಳಾ ಗದರುತ್ತಾರೆ. ಪಕ್ಕದಲ್ಲಿ ಚಿಕ್ಕಸಿದ್ದಮ್ಮ, ಸುಂದ್ರಮ್ಮ ಪೌಡರ್ ಡಬ್ಬಿಗೆ ಕಿತ್ತಾಡುತ್ತಿದ್ದಾರೆ. ಕ್ಯಾಮೆರಾ ಇನ್ನೂ ಚೀಲದಲ್ಲೇ ಇದೆ. ಆಫೀಸಿನವರು ಕೊಟ್ಟುಕಳಿಸಿದ ನಾಲ್ಕು ಸ್ಲೇಟುಗಳೂ ಅದರಲ್ಲೇ ಇವೆ. ಅವನ್ನು ಮಾತ್ರ ಹೊರಗೆ ತೆಗೆಯುವ ಯೋಚನೆ ಪ್ರಮೀಳಾಗಿಲ್ಲ.

ಇದು ಮೂರು ತಿಂಗಳ ಹಿಂದಿನ ಬೆಳಗು. ಆ ಸ್ಲೇಟಿನ ಕತೆಗೆ ಬರುವ ಮೊದಲು ಪ್ರಮೀಳಾ ಯಾರು ಅಂತ ಹೇಳಿಬಿಡಬೇಕು, ಯಾಕೆಂದರೆ ಬೇರೆ ಯಾರೂ ಹೇಳಿಲ್ಲ. ಮೈಸೂರಿನ ಸಣ್ಣ ಟ್ರಸ್ಟೊಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳ ವಯಸ್ಸಾದವರಿಗೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸುತ್ತದೆ. ದುಡ್ಡು ಕೊಡುವವರು ಹೊರದೇಶದ ದಾನಿಗಳು. ಅವರಿಗೆ ಇಲ್ಲಿನ ಕೆಲಸ ಕಾಣುವುದು ವೆಬ್‌ಸೈಟಿನಲ್ಲಿ, ತಿಂಗಳಿಗೊಮ್ಮೆ ಹೋಗುವ ಇ-ಮೇಲ್ ಪತ್ರದಲ್ಲಿ. ಅದರಲ್ಲಿ ಡಾಕ್ಟರ ಹೆಸರಿದೆ, ಕಾರ್ಯದರ್ಶಿಯ ಹೆಸರಿದೆ, ಕ್ಯಾಂಪಿಗೆ ಊಟ ಹಾಕಿಸಿದವರ ಹೆಸರೂ ಇದೆ. ಫೋಟೊ ತೆಗೆದ ಪ್ರಮೀಳಾ ಹೆಸರು ಮಾತ್ರ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ.

ಮೂವತ್ತೆಂಟರ ಪ್ರಮೀಳಾ ಓದಿದ್ದು ಎಸ್ಸೆಸ್ಸೆಲ್ಸಿ. ಹುಣಸೂರಿನ ಒಂದು ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಒಂಬತ್ತು ವರ್ಷ ಫೋಟೊ ತೊಳೆದರು. ರಾಸಾಯನಿಕದ ನೀರಿಗೆ ಬೆರಳ ತುದಿ ಸಿಪ್ಪೆ ಸುಲಿದುಹೋಗಿತ್ತು. ಡಿಜಿಟಲ್ ಬಂತು, ಸ್ಟುಡಿಯೋ ಬಾಗಿಲು ಹಾಕಿತು. 2006ರಲ್ಲಿ ಟ್ರಸ್ಟಿನವರು ಒಂದು ಸಣ್ಣ ಕ್ಯಾಮೆರಾ ಕೈಗಿಟ್ಟರು. "ರೀಲು ಇಲ್ಲ ಅಂದ್ರೆ ಏನಂತೆ, ಮುಖ ಅದೇ ಅಲ್ವಾ?" ಎನ್ನುತ್ತಾರೆ.

ಕ್ಯಾಂಪಿನ ದಿನ ನಲವತ್ತರಿಂದ ಐವತ್ತು ಫೋಟೊ. ಮರುದಿನ ಮೊದಲ ಬಸ್ಸಿಗೆ ಹುಣಸೂರಿನ ಸೈಬರ್ ಕೆಫೆ. ಒಂದೊಂದು ಫೋಟೊ ಮೇಲೇರಲು ಆರು ನಿಮಿಷ, ಅದೂ ಕರೆಂಟು ಕೃಪೆ ತೋರಿದರೆ. ಎರಡು ವರ್ಷದಲ್ಲಿ ಸಾವಿರದ ನೂರು ಮುಖ ದಾಟಿವೆ. ಒಂದು ಹೆಸರೂ ತಪ್ಪಿಲ್ಲ, ಒಬ್ಬರನ್ನೂ ಕೇಳದೆ ತೆಗೆದಿಲ್ಲ.

ಎಡವಟ್ಟಾಗಿದ್ದು ಜಗಲಿಯ ಮೇಲಿದ್ದ ಆ ಮೂವರು ಮತ್ತು ಪುಟ್ಟಮಾದಮ್ಮ, ಈ ನಾಲ್ವರ ಫೋಟೊದಿಂದ. ಆಪರೇಷನ್ ಆದವರೆಲ್ಲರಿಗೂ ಅಗಲವಾದ ಕಪ್ಪು ಕನ್ನಡಕ ಕೊಡುತ್ತಾರೆ. ಅರ್ಧ ಮುಖ ಅದರಲ್ಲೇ ಮುಚ್ಚಿಹೋಗುತ್ತದೆ. ಫೋಟೊ ಅಂದಮೇಲೆ ಹಳೇ ಸೀರೆಯಲ್ಲಿ ನಿಲ್ಲುವುದುಂಟೇ? ಪುಟ್ಟಮಾದಮ್ಮನ ಪೆಟ್ಟಿಗೆಯಲ್ಲಿದ್ದ ನವಿಲು ಬಣ್ಣದ ಸೀರೆಯನ್ನು ಒಬ್ಬರಾದ ಮೇಲೆ ಒಬ್ಬರು ಇಸಿದುಕೊಂಡು ಉಟ್ಟು ನಿಂತರು. ಅದೇ ಸೀರೆ, ಅದೇ ಕನ್ನಡಕ. ಹೆಸರುಗಳೋ, ಪುಟ್ಟಮಾದಮ್ಮ, ಚಿಕ್ಕಮಾದಮ್ಮ, ಚಿಕ್ಕಸಿದ್ದಮ್ಮ! ದೂರದ ದಾನಿಗಳು ಕಣ್ಣರಳಿಸಿ ನೋಡಿ ಇ-ಮೇಲ್ ಕಳಿಸಿಯೇಬಿಟ್ಟರು: ಒಬ್ಬಳೇ ಹೆಂಗಸನ್ನು ನಾಲ್ಕು ಸಲ ತೋರಿಸಿದ್ದೀರಿ, ವಿವರಣೆ ಬರುವವರೆಗೆ ರಾವಂದೂರಿನ ಮುಂದಿನ ಕ್ಯಾಂಪಿಗೆ ದುಡ್ಡಿಲ್ಲ.

ರಾವಂದೂರಿನಲ್ಲಿ ಅರವತ್ತೆರಡು ಜನ ಹೆಸರು ಬರೆಸಿ ಕಾಯುತ್ತಿದ್ದರು. ಟ್ರಸ್ಟಿನ ಕಾರ್ಯದರ್ಶಿ ಮಹದೇವಪ್ಪನವರು ಕಂಗಾಲಾಗಿ ಫೋನ್ ಮಾಡಿದರು. "ಮನೇಲಿ ಉಡೋ ಸೀರೇಲೇ ಇನ್ನೊಂದ್ಸಲ ತೆಗೀರಿ. ಕೈಗೆ ಹೆಸರು ಬರೆದ ಸ್ಲೇಟು ಕೊಡಿ. ಸ್ವಲ್ಪ ಬಡವರ ಥರ ಕಾಣ್ಲಿ ಕಣಮ್ಮ. ಮಾಡ್ದೆ ಇದ್ರೆ ನಾಳೆಯಿಂದ ಬರೋದು ಬೇಡ."

ಪ್ರಮೀಳಾಗೆ ಮೈಯೆಲ್ಲ ಉರಿದುಹೋಯಿತು. "ಸ್ಟುಡಿಯೋದಲ್ಲಿ ಒಂದೇ ಕೋಟಿತ್ತು. ತಾಲ್ಲೂಕಿನ ಅರ್ಧ ಮದುವೆ ಗಂಡುಗಳು ಅದನ್ನೇ ಹಾಕ್ಕಂಡು ಫೋಟೊ ತೆಗೆಸ್ಕಂಡವ್ರೆ. ಯಾರಾದ್ರೂ ಮೋಸ ಅಂದ್ರಾ?" ಆದರೂ ಅಳುಕಿತ್ತು. "ಭಯ ಇಲ್ದೆ ಏನು? ರಾವಂದೂರಲ್ಲಿ ಒಂದಜ್ಜಿ ಸೊಸೆ ಕೈ ಹಿಡ್ಕಂಡೇ ಬಚ್ಚಲಿಗೆ ಹೋಗ್ಬೇಕು. ನನ್ನ ಹಟಕ್ಕೆ ಅವರ ಕಣ್ಣು ಹೋದ್ರೆ?"

ಆ ಬೆಳಗು ಜಗಲಿಯ ಮೇಲೆ ನಾಲ್ವರಿಗೂ ಸಂಗತಿ ಮುಚ್ಚುಮರೆಯಿಲ್ಲದೆ ಹೇಳಿದರು. ಸುಂದ್ರಮ್ಮನಿಗೆ ಪಿತ್ತ ನೆತ್ತಿಗೇರಿತು. "ಸ್ಲೇಟು ಕೊಟ್ಟು ನಿಲ್ಸೋದು ಪೋಲೀಸ್ರು ಕಳ್ಳರ್ನ ಅಲ್ವಾ? ನಾವೇನ್ ಕದ್ದಿದೀವಿ?" ಪುಟ್ಟಮಾದಮ್ಮ ಎದ್ದು ಒಳಗೆ ಹೋಗಿ ಪೆಟ್ಟಿಗೆಯಿಂದ ಸೀರೆ ತಂದೇಬಿಟ್ಟರು. "ಸೀರೆ ನಂದು, ಕೊಟ್ಟೋಳು ನಾನು. ಅದ್ರಲ್ಲಿ ಯಾರಪ್ಪನ ಗಂಟು ಹೋಯ್ತು? ಅಂಗೇ ತೋರ್ಸು ಬುಡವ್ವ, ನೋಡ್ಲಿ!"

ಸೀರೆಯನ್ನು ಪೂರ್ತಿ ಬಿಚ್ಚಿ, ಹಗ್ಗದ ಮೇಲೆ ಸ್ಟುಡಿಯೋದ ಪರದೆಯ ಹಾಗೆ ಹರಡಿದರು. ಅದರ ಮುಂದೆ ನಾಲ್ವರೂ ತಮ್ಮ ತಮ್ಮ ಸೀರೆಯಲ್ಲಿ, ತಲೆ ಬಾಚಿ, ಕನ್ನಡಕ ತೆಗೆದು ನೆಟ್ಟಗೆ ನಿಂತರು. ಪ್ರಮೀಳಾ ಆ ಫೋಟೊವನ್ನು ಮಹದೇವಪ್ಪನವರಿಗೆ ತೋರಿಸಲೂ ಇಲ್ಲ, ಸೀದಾ ವೆಬ್‌ಸೈಟಿಗೆ ಹಾಕಿದರು. ಫೋಟೊದ ಕೆಳಗಿನ ಮಾತನ್ನು ಪ್ರಮೀಳಾ ಹೇಳಿದರು, ಕೆಫೆ ನಡೆಸುವ ರೂಪಶ್ರೀ ಇಂಗ್ಲಿಷಿಗೆ ತಿರುಗಿಸಿದಳು: "ಸೀರೆ ಒಂದೇ, ಹೆಂಗಸರು ನಾಲ್ವರು. ನಮ್ಮಲ್ಲಿ ಫೋಟೊಗೆ ನಿಲ್ಲುವಾಗ ಒಳ್ಳೆಯ ಬಟ್ಟೆ ಇಸಿದುಕೊಂಡು ಉಡುತ್ತಾರೆ. ನಿಮ್ಮ ಕಡೆ ಹೇಗೋ ಗೊತ್ತಿಲ್ಲ."

ಆರನೇ ದಿನ ಉತ್ತರ ಬಂತು: ಅರ್ಥವಾಯಿತು, ಕ್ಯಾಂಪ್ ನಡೆಸಿ. ರಾವಂದೂರಿನ ಅರವತ್ತೆರಡು ಜನರಿಗೂ ಆಪರೇಷನ್ ಆಯಿತು. ಆ ಅಜ್ಜಿ ಈಗ ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ.

ಮಹದೇವಪ್ಪನವರು ಮಾತ್ರ ಮೆತ್ತಗಾಗಲಿಲ್ಲ. ಕೆಲಸದಿಂದ ತೆಗೆಯಲು ಈಗ ಮುಖವಿಲ್ಲ, ಹಾಗಂತ ಬಿಡಲೂ ಮನಸ್ಸಿಲ್ಲ. ಹೇಳದೆ ಕೇಳದೆ ಫೋಟೊ ಹಾಕಿದ್ದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಂಡು ಬಾ ಅಂದರು. ಪ್ರಮೀಳಾ ಬರೆದುಕೊಂಡೇ ಹೋದರು. ಪತ್ರ ಟ್ರಸ್ಟಿನ ಹೆಸರಲ್ಲಿತ್ತು. ನಿಮ್ಮನ್ನು ಅನುಮಾನಿಸಿದ್ದಕ್ಕೆ, ಸ್ಲೇಟು ಕಳಿಸಿದ್ದಕ್ಕೆ ಕ್ಷಮಿಸಿ ಎಂದು ನಾಲ್ಕು ಜನ ಹೆಂಗಸರಿಗೆ ಬರೆದಿತ್ತು. ಕೆಳಗೆ ಕಾರ್ಯದರ್ಶಿಯ ಸಹಿಗೆ ಜಾಗ ಬಿಟ್ಟಿತ್ತು. ಪ್ರತಿ ತಿಂಗಳ ಮೀಟಿಂಗಿಗೂ ಅದನ್ನು ಕೊಂಡೊಯ್ದು ಅವರ ಮೇಜಿನ ಮೇಲಿಡುತ್ತಾರೆ, ಅವರು ಅತ್ತ ಸರಿಸುತ್ತಾರೆ.

"ಮೂರು ಸಲ ಆಯ್ತು, ಇನ್ನೂ ಸಹಿ ಬಿದ್ದಿಲ್ಲ" ಎಂದು ಪ್ರಮೀಳಾ ನಗುತ್ತಾರೆ. "ಬೀಳೋವರ್ಗೂ ತಕ್ಕಂಡ್ ಹೋಗ್ತೀನಿ ಕಣ್ರೀ. ನಂಗೇನು ಕಷ್ಟ, ಮೀಟಿಂಗಿಗೆ ಹೆಂಗೂ ಹೋಗ್ಲೇಬೇಕಲ್ಲ."