ಚೆನ್ನೆಮಣೆಯಲ್ಲಿ ಇಲ್ಲದ ಗುಳಿ

ಸ್ಯಾನಿಟರಿ ಇನ್ಸ್‌ಪೆಕ್ಟರ್ ಕೃಷ್ಣಾನಂದ ಭಟ್ಕಳದಿಂದ ಹೊನ್ನಾವರಕ್ಕೆ ವರ್ಗವಾಗಿ ಬಂದದ್ದು ೧೯೬೧ರ ಬೇಸಿಗೆಯಲ್ಲಿ, ಒಂದು ಟ್ರಂಕು ಮತ್ತು ತಾಯಿಯ ಚೆನ್ನೆಮಣೆಯೊಡನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಊರೂರಲ್ಲಿ ಮಕ್ಕಳ ತೋಳು ಹಿಡಿದು ಸಿಡುಬಿನ ಲಸಿಕೆ ಹಾಕುತ್ತ ಮೇಲೆ ಬಂದವ. ನಾನು ಪೇಟೆ ಆರೋಗ್ಯ ಸಮಿತಿಯ ಸದಸ್ಯ. ನನ್ನ ಅರ್ಹತೆಯೆಂದರೆ ಬಿಡುವಿನ ಮಧ್ಯಾಹ್ನಗಳು.

ಕೆಳಕೇರಿಯಲ್ಲಿ ಆಗ ಕಾಲರಾ. ಒಂದೇ ವಾರದಲ್ಲಿ ಆರು ಸಾವು. ಸಭೆಯ ಮೇಜಿನ ಮೇಲೆ ಕೃಷ್ಣಾನಂದ ಚೆನ್ನೆಮಣೆ ಇಟ್ಟು ಅದರ ಗುಳಿಗಳಿಗೆ ಹುಣಸೆಬೀಜ ಹಂಚಿದ.

"ಈ ಗುಳಿ ಕೇರಿಯ ಬಾವಿ. ಇದು ಕೇರಿ. ಇದು ಹಾಸಿಗೆ ಹಿಡಿದವರು. ಇದು ಅವರ ಹಿತ್ತಲು."

ಬಾವಿಯಿಂದ ಕೇರಿಗೆ, ಕೇರಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಹಿತ್ತಲಿಗೆ, ಹಿತ್ತಲಿನ ಹೊಲಸು ಮತ್ತೆ ಬಾವಿಗೆ ಎನ್ನುತ್ತ ಬೀಜ ಸಾಗಿಸಿದ. ಸುತ್ತಿಗೊಮ್ಮೆ ಹಾಸಿಗೆಯ ಗುಳಿ ತುಂಬುತ್ತ ಹೋಯಿತು.

"ಎಂತ ಮಾರಾಯ್ರೆ, ಹೆಂಗಸ್ರ ಆಟ ಆಡೂಕೆ ಸರ್ಕಾರ ಪಗಾರ ಕೊಡ್ತದ್ಯಾ?" ಎಂದರು ಅಧ್ಯಕ್ಷ ಶಾಂತಾರಾಮರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ಆ ಒಂದು ಬಾವಿಗೆ ಹಲಗೆ ಮುಚ್ಚಿ ಬೀಗ ಹಾಕಿ, ಸಾಕು," ಎಂದ ಕೃಷ್ಣಾನಂದ. " ಸುತ್ತು ಅಲ್ಲೇ ಕಡೀತದೆ."

"ಮತ್ತೆ ನೀರು?" ಎಂದರು ಶಾಂತಾರಾಮರು.

"ಮೇಲಿನ ಕೇರಿಯಲ್ಲಿ ಬಾವಿ ಉಂಟಲ್ಲ" ಎಂದು ಬೀಜಗಳನ್ನು ಬಾಚಿ ಪಕ್ಕದ ಗುಳಿಗೆ ಹಾಕಿದ.

ಆ ಗುಳಿಯೆಂದರೆ ನಮ್ಮ ಮನೆಯ ಬಾವಿ. ಕೆಳಕೇರಿಯವರು ಅದರ ಹಗ್ಗ ಮುಟ್ಟುವ ಪದ್ಧತಿಯಿಲ್ಲ. ಬೀಜಗಳಿಗೆ ಜಾತಿಯಿಲ್ಲ, ಸಲೀಸಾಗಿ ಜಾರಿದವು. ನಾವೆಲ್ಲ ತಲೆಯಾಡಿಸಿದೆವು, ಆತ ಅದನ್ನು ಒಪ್ಪಿಗೆಯೆಂದು ನಂಬಿದ. ನಾನು ಬಾಯಿ ತೆರೆಯಬೇಕಿತ್ತು. ಅಷ್ಟರಲ್ಲಿ ಚಹಾ ಬಂತು.

ಬೀಗ ಬಿದ್ದ ಮೂರನೆಯ ದಿನ ಕೆಳಕೇರಿಯ ಹೊನ್ನಿ ಖಾಲಿ ಕೊಡ ಹಿಡಿದು ನಮ್ಮ ಅಂಗಳದ ಆಚೆ ನಿಂತಿದ್ದಳು. ಪಕ್ಕದಲ್ಲಿ ಕೃಷ್ಣಾನಂದ. ಕೇರಿಯವರು ಎಮ್ಮೆ ಮೀಯುವ ಹೊಂಡದ ನೀರು ಕುಡಿಯುತ್ತಿದ್ದರು.

"ನನ್ನ ಮಗ್ಳು ಗಂಗಿಗೂ ಶುರುವಾಯ್ತು ಒಡಿಯಾ. ಬೀಗ ಆದ್ರೂ ತೆಗೀರಿ, ನೀರಾದ್ರೂ ಕೊಡಿ."

"ಹೆಗಡೇರೇ, ಆ ಹೊಂಡಕ್ಕೆ ನಾನು ಮಣೆಯಲ್ಲಿ ಗುಳಿ ಇಡ್ಲಿಲ್ಲ. ತಪ್ಪು ನಂದು. ನಿಮ್ಮ ಬಾವಿ ಬಿಟ್ಕೊಡಿ" ಎಂದ ಕೃಷ್ಣಾನಂದ.

ತಪ್ಪು ತನ್ನದೆಂದು ಆತನೇ ಹೇಳಿದ್ದು ಕೇಳಿ ನನಗೆಷ್ಟು ಹಾಯೆನಿಸಿತು! "ಆಯಿ ಕರ್ಕಿಗೆ ಹೋಗಿದೆ. ಶುಕ್ರವಾರ ಬರ್ತದೆ. ಒಂದ್ಮಾತು ಕೇಳಿ..." ಎಂದು ತಾಯಿಯ ನೆಪ ಹೇಳಿದೆ.

"ಆಯಿ ಬಪ್ಪಲ್ಲಿವರೆಗೆ ಆ ಕೂಸು ಇರ್ತಾ?" ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮಹಾಲಕ್ಷ್ಮಿ ಕೇಳಿದಳು.

"ನೀ ಒಳಗೆ ಹೋಗೆ" ಎಂದೆ. ಉತ್ತರವಿಲ್ಲದಾಗ ನಾನು ಕೊಡುವ ಉತ್ತರ ಅದು.

ಕೃಷ್ಣಾನಂದ ಅಂಗಿ ಬಿಚ್ಚಿಟ್ಟು, ನಮ್ಮ ಬಾವಿಯಿಂದ ತಾನೇ ನೀರು ಸೇದಿ, ಕೆಳಕೇರಿಯವರದೇ ಎರಡು ಕೊಡ ಹೊತ್ತು ಕೇರಿಗಿಳಿದ. ಮತ್ತೆ ಹತ್ತಿ ಬಂದ, ಮತ್ತೆ ಇಳಿದ. ಅರವತ್ತು ಮನೆಗೆ ಎರಡು ಕೈ. ನಾನು ಅವನನ್ನು ತಡೆಯಲಿಲ್ಲ. ನನ್ನ ಆಯುಷ್ಯದ ಕ್ರಾಂತಿ ಅಷ್ಟೇ. ಕೊಡಕ್ಕೆ ಕೈ ಹಚ್ಚಲೂ ಇಲ್ಲ.

ಗಂಗಿ ಮರುದಿನ ಹೋದಳು. ಆಮೇಲೆ ಇನ್ನೂ ನಾಲ್ವರು.

ಕೆಳಕೇರಿಯ ಕೊಡ ಮೇಲಿನವರ ಬಾವಿಕಟ್ಟೆ ಹತ್ತಿತೆಂದು ಪೇಟೆ ಕೆರಳಿತು. ಕೃಷ್ಣಾನಂದನ ಮೇಲೆ ಬರೆದ ದೂರಿನಲ್ಲಿ ನನ್ನ ಸಹಿ ಮೂರನೆಯದು. ಹದಿನೈದು ದಿನದೊಳಗೆ ಕೃಷ್ಣಾನಂದನಿಗೆ ಕುಮಟೆಗೆ ವರ್ಗವಾಯಿತು. ಮುಂದಿನ ಸಭೆಯಲ್ಲಿ ಕೆಳಕೇರಿಯ ಹಳೆ ಬಾವಿಯ ಬೀಗ ತೆಗೆಯುವ ಠರಾವಾಯಿತು, ಅವರಿಗೆ ಅದೇ ನೀರು ಸಾಕೆಂದು. ಆ ನಿರ್ಣಯವನ್ನು ಓದಿ ಹೇಳಿದವನು ನಾನೇ. ನನ್ನ ದನಿ ಬಹಳ ಸ್ಪಷ್ಟ ಎಂದು ಎಲ್ಲರೂ ಮೆಚ್ಚಿಕೊಂಡರು.