ಮಾವನ ಸಪ್ಪೆ ದಿನಗಳು

ನನ್ನ ಮಾವನ ಮೀಸೆ ಎರಡು ಬಣ್ಣದ್ದು. ಬಲಗಡೆ ಹತ್ತಿಯಂತೆ ಬಿಳುಪು, ಎಡಗಡೆ ಹಳೇ ತಾಮ್ರದ ಬಣ್ಣ. ಚುಟ್ಟವನ್ನು ಅವರು ಯಾವತ್ತೂ ಬಾಯಿಯ ಎಡ ಮೂಲೆಯಲ್ಲೇ ಕಚ್ಚುತ್ತಿದ್ದರು, ಹೊಗೆ ಆ ಕಡೆಯಿಂದಲೇ ಏರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಮುಖ ಇಬ್ಬರು ಗಂಡಸರ ಮುಖ ಅರ್ಧರ್ಧ ತಂದು ಹೊಲಿದ ಹಾಗೆ ಕಾಣುತ್ತಿತ್ತು. ನಗುವ ಹಾಗಿರಲಿಲ್ಲ. ಮಾವನ ಎದುರು ಸೊಸೆ ನಿಲ್ಲುವುದೇ ತಪ್ಪು ಅನ್ನುವ ಕಾಲ. ನಾನು ಅವರನ್ನು ನೋಡಿದ್ದೆಲ್ಲ ಅಡುಗೆಮನೆಯ ಬಾಗಿಲ ಸಂದಿಯಿಂದ.

ನನ್ನ ತವರು ಹರದನಹಳ್ಳಿ. ಕೊಟ್ಟದ್ದು ಗುಂಡ್ಲುಪೇಟೆಗೆ, ಊಟಿ ರಸ್ತೆಯ ಪಕ್ಕದ ಚುಟ್ಟದ ಮನೆಗೆ. ಜಗಲಿಯಲ್ಲಿ ಚುಟ್ಟ ಸುತ್ತುವ ಆಳುಗಳು, ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿದ ಹೊಗೆಸೊಪ್ಪಿನ ಅಟ್ಟಿ. ಸೊಪ್ಪು ಹಂಗಳದ ಕಡೆಯಿಂದ ಗಾಡಿಯಲ್ಲಿ ಬರುತ್ತಿತ್ತು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು. ಬಂದ ವಾರವೆಲ್ಲ ಆ ಘಾಟಿಗೆ ನನಗೆ ವಾಂತಿ. ಬೀದಿಯವರು ಬೇರೇನೋ ಅಂದುಕೊಂಡು ಖುಷಿಪಟ್ಟರು. ಮಾವ ಮಾತ್ರ ಹಿತ್ತಲ ಕಡೆ ಮುಖ ತಿರುಗಿಸಿ, ಗಾಳಿಗೆ ಹೇಳುವ ಹಾಗೆ ಹೇಳಿದರು: “ವಾಂತಿ ಆದ್ರೆ ಆಗ್ಲಿ ಬುಡವ್ವ. ಮೂಗಿಗೆ ಇನ್ನೂ ಜೀವ ಅದ ಅಂತ ಅರ್ಥ. ಈ ಮನೇಲಿ ಮಿಕ್ಕೋರ ಮೂಗು ಸತ್ತು ಬಾಳ ದಿನ ಆಯ್ತು.”

ಸುತ್ತುವುದು ಆಳುಗಳ ಕೆಲಸ. ಸುತ್ತಿದ್ದನ್ನು ನೋಡುವುದು ಅವರ ಕೆಲಸ. ಒಂದು ಚುಟ್ಟ ಎತ್ತಿಕೊಂಡರೆ ಮೊದಲು ಹೆಬ್ಬೆರಳು ತೋರುಬೆರಳಲ್ಲಿ ಬುಡದಿಂದ ತುದಿಯವರೆಗೆ ಒತ್ತಿಕೊಂಡು ಹೋಗುವರು, ಹಸುವಿನ ಮೊಲೆ ಹಿಡಿಯುವಷ್ಟೇ ಹಗುರಾಗಿ. ಒಂದು ಕಡೆ ಗಟ್ಟಿ, ಒಂದು ಕಡೆ ಪೊಳ್ಳು ಸಿಕ್ಕಿದರೆ ಅಲ್ಲೇ ಪಕ್ಕಕ್ಕೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಉರುಳಿಸುವರು. ಚರಚರ ಸದ್ದು ಬಂದರೆ ಸೊಪ್ಪು ಒಣಗಿ ಹೋಗಿದೆ, ಸದ್ದೇ ಇಲ್ಲದಿದ್ದರೆ ತೇವ ಉಳಿದಿದೆ. ಹೊದಿಕೆಯ ಎಲೆಯಲ್ಲಿ ದಪ್ಪ ನರ ಇರಕೂಡದು, ಗಂಜಿಯ ಅಂಟು ಕಣ್ಣಿಗೆ ಕಾಣಕೂಡದು. ಕಡ್ಡಿ ಗೀರುವ ಮೊದಲೇ ಹಾಗೇ ಬಾಯಿಗಿಟ್ಟು ಎಳೆಯುವರು, ಗಾಳಿ ಎಷ್ಟು ಬರುತ್ತದೆ ಅಂತ. ಹಚ್ಚಿದ ಮೇಲೆ ಬೂದಿ ನೋಡುವರು. ಬಿಳಿ ಬೂದಿ ಉದುರದೆ ಬೆರಳುದ್ದ ನಿಂತರೆ ತಲೆಯಾಡಿಸುವರು. ಒಂದು ಮಗ್ಗುಲು ಉರಿದು ಇನ್ನೊಂದು ಮಗ್ಗುಲು ಹಸಿಯಾಗೇ ಉಳಿದರೆ ಸುತ್ತಿದವನನ್ನು ಕರೆಸಿ, ಬಯ್ಯದೆ, ಆ ಚುಟ್ಟವನ್ನೇ ಅವನ ಕೈಗೆ ಕೊಟ್ಟು ಪೂರ್ತಿ ಸೇದಿಸುವರು. ಬೈಗುಳವೇ ವಾಸಿ ಅನ್ನುತ್ತಿದ್ದರು ಆಳುಗಳು.

ಕೊನೆಗೆ ರುಚಿ. ಅದಕ್ಕೇ ಸಪ್ಪೆ ದಿನ. ರುಚಿ ನೋಡುವ ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ, ಈರುಳ್ಳಿ ಇಲ್ಲ, ಎಲೆ ಅಡಿಕೆ ಇಲ್ಲ. ಉಪ್ಪಿಲ್ಲದ ಅಕ್ಕಿ ಗಂಜಿ. ಮಾವ ಲಿಂಗಪೂಜೆ ಮುಗಿಸಿ, ಗಂಜಿ ಕುಡಿದು, ಬಾಯಿ ಮುಕ್ಕಳಿಸಿ, ಬೆಳಕು ಬೀಳುವ ಕಡೆ ಕೂರುವರು. ಪಕ್ಕದ ಮನೆಯವರು ಮೆಣಸಿನಕಾಯಿ ಹುರಿದರೆ ಆವತ್ತಿನ ಕೆಲಸ ಕೆಟ್ಟಿತು. ಯಾರಾದರೂ ಚುಟ್ಟ ಸೇದಿ ಚೆನ್ನಾಗಿದೆ ಅಂದರೆ ಅವರಿಗೆ ಸಿಟ್ಟು. “ಚೆನ್ನಾಗದ ಅನ್ನದು ಮರ್ವಾದಿ ಮಾತು. ನಾಲಗೆ ಏನಂತು, ಅದ ಹೇಳು,” ಅನ್ನುವರು.

ಊಟಿ ಕಡೆಯ ಒಬ್ಬ ವರ್ತಕರು ವರ್ಷಕ್ಕೊಂದು ಸಲ ಬಂದು ಒಳ್ಳೇ ಕಟ್ಟುಗಳನ್ನು ಕೊಂಡು ಹೋಗುವರು. ಎಸ್ಟೇಟಿನ ಬಂಗಲೆಗಳಲ್ಲಿ, ಬೇರೆ ದೇಶದ ದುಬಾರಿ ಸಿಗಾರು ಸೇದಿ ಅಭ್ಯಾಸವಿದ್ದವರಿಗೆ ಅದು ಹೋಗುತ್ತಿತ್ತಂತೆ. ಎಲ್ಲ ಕಟ್ಟಿಗೂ ಬಾಳೆನಾರು. ಮಾವ ಒಪ್ಪಿದ ಕಟ್ಟಿಗೆ ಮಾತ್ರ ಅದರ ಮೇಲೊಂದು ಅರಿಶಿನ ಹಚ್ಚಿದ ದಾರ. ಆ ಹಳದಿ ದಾರ ನೋಡಿದರೆ ವರ್ತಕರು ಬಿಚ್ಚಿ ನೋಡುತ್ತಿರಲಿಲ್ಲ. ನಮ್ಮ ಮನೆ ನಿಂತಿದ್ದದ್ದು ಆ ದಾರದ ಮೇಲೆ.

ಆಣೆ ಹೋಗಿ ನಯಾಪೈಸೆ ಬಂದ ವರ್ಷ. ಸಪ್ಪೆ ದಿನ. ನನ್ನ ಗಂಡನಿಗೆ ಸಪ್ಪೆ ಗಂಜಿ ಗಂಟಲಲ್ಲಿ ಇಳಿಯದು, ಕದ್ದು ಖಾರ ಕಲಸಿ ಕೊಡು ಅಂತ ಕಾಡುವುದು ವಾಡಿಕೆ. ಆವತ್ತು ಅವರ ಬಟ್ಟಲಿಗೆ ಉಪ್ಪು, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದದ್ದು ಕಲಸಿಟ್ಟೆ. ಬಟ್ಟಲು ಎರಡೂ ಒಂದೇ ಥರ. ನನ್ನ ಗಂಡ ಅವಸರಕ್ಕೆ ಒಳಗೆ ಬಂದು ಒಂದನ್ನು ತಂದೆಯ ಮುಂದಿಟ್ಟು, ಇನ್ನೊಂದನ್ನು ತಾವು ಎತ್ತಿಕೊಂಡರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ನನ್ನನ್ನು ನೋಡಿದರು. ಬಟ್ಟಲು ಅದಲುಬದಲಾಗಿದೆ ಅಂತ ನನಗೆ ಆಗ ಹೊಳೆಯಿತು. ಸಂದಿಯಿಂದ ನೋಡಿದರೆ ಮಾವ ಆ ಖಾರದ ಗಂಜಿಯನ್ನು ಬಟ್ಟಲೆತ್ತಿ ಕುಡಿಯುತ್ತಿದ್ದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು. ಬಟ್ಟಲು ಕೆಳಗಿಟ್ಟು, ಬಾಯಿ ಮುಕ್ಕಳಿಸಿ, ಎಂದಿನಂತೆ ಚುಟ್ಟ ಎತ್ತಿಕೊಂಡರು.

ಗಂಡ ಜಗಲಿಗೆ ಹೋದ ಮೇಲೆ ನಾನು ಬಾಗಿಲ ಹಿಂದೆ ನಿಂತು ಹೇಳಿಯೇ ಬಿಟ್ಟೆ. ಸುತ್ತಿ ಬಳಸಿ ಹೇಳುವುದು ನನಗೆ ಆಗಲೂ ಬರುತ್ತಿರಲಿಲ್ಲ. “ಮಾವ, ನೀವು ಕುಡುದ್ರಲ್ಲ ಗಂಜಿ, ಅದು ಖಾರದ್ದು.”

ಅವರು ಕೈಯಲ್ಲಿದ್ದ ಚುಟ್ಟ ಕೆಳಗಿಟ್ಟರು. ಆಮೇಲೆ ಹೇಳಿದರು: “ಕಣ್ಣಗೆ ನೀರು ಯಾಕ ಬಂತು ಅಂತ ನಾನು ಅಂದ್ಕತಿದ್ದೆ. ನಾಲಗೆ ಹೋಗಿ ಎರಡು ಮಳೆಗಾಲ ಆಯ್ತು ಕಣವ್ವ. ಕೈಲಿ ನೋಡ್ತೀನಿ, ಬೂದಿ ನೋಡ್ತೀನಿ. ರುಚಿ ಗೊತ್ತಾಗಲ್ಲ.”

ಮಗನಿಗೆ ಹೇಳಿರಲಿಲ್ಲ. ಅವನಿಗೆ ವ್ಯಾಪಾರದ ಅವಸರ ಜಾಸ್ತಿ, ಎಲ್ಲವೂ ಚೆನ್ನಾಗೇ ಕಾಣುತ್ತದೆ, ಗೊತ್ತಾದರೆ ನಾಳೆಯಿಂದ ತಾನೇ ದಾರ ಕಟ್ಟುತ್ತಾನೆ ಅಂದರು. ಎರಡು ವರ್ಷ ಸೊಪ್ಪು ಒಳ್ಳೇದು ಬಂದಿತ್ತು, ಹಾಗಾಗಿ ಮಾನ ಉಳಿದಿತ್ತು. ಈ ಸಲ ಅವರಿಗೆ ಅನುಮಾನ. ಅಟ್ಟಿಯಲ್ಲಿ ಸೊಪ್ಪು ತನ್ನ ಕಾವಿನಲ್ಲಿ ತಾನೇ ಬೇಯಬೇಕು. ವರ್ತಕರು ಬೇಗ ಬರುತ್ತಾರೆ ಅಂತ ಸುದ್ದಿ ಬಂದು, ನನ್ನ ಗಂಡ ಅಟ್ಟಿಯನ್ನು ಹೊತ್ತಿಗೆ ಮುಂಚೆ ಒಡೆಸಿದ್ದರು. ಬೂದಿ ಬಿಳಿಯಾಗೇ ಇತ್ತು, ಕೈಗೆ ಸರಿಯಾಗೇ ಸಿಗುತ್ತಿತ್ತು. ಮಿಕ್ಕದ್ದು ನಾಲಗೆ ಹೇಳಬೇಕು.

“ಈಚ್ಗ ಬಾ,” ಅಂದರು. ಮದುವೆಯಾದ ಮೇಲೆ ಅವರು ನನ್ನನ್ನು ಎದುರಿಗೆ ಕೂರಿಸಿದ್ದು ಅದೇ ಮೊದಲು. ಚುಟ್ಟ ಹಚ್ಚಿ ನನ್ನ ಕೈಗೆ ಕೊಟ್ಟರು. ಹೊಗೆ ನುಂಗಬಾರದು, ಬಾಯಲ್ಲಿ ನೀರು ಇಟ್ಟುಕೊಂಡ ಹಾಗೆ ಇಟ್ಟುಕೊಂಡು ಮೂಗಲ್ಲಿ ಚೂರು ಬಿಡಬೇಕು ಅಂದರು. ನಾನು ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡೆ. ಅವರು ಕಾದರು. ಮತ್ತೆ ಎಳೆದೆ.

“ಎಲ್ಲಿ ತಾಕ್ತು?”

“ತುದೀಲಿ ಹುರುಳಿ ಹುರ್ದಂಗ ಅದ. ಆಮೇಲೆ ಬೆಲ್ಲದ ಪಾಕ ತಳ ಹಿಡ್ದಂಗ.”

“ಅದು ಸರಿ. ಹಿಂದ್ಕ?”

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. “ಕೊಟ್ಟಿಗೆ ಮಾವ. ಗಂಜಳ.”

ಅವರು ಕಣ್ಣು ಮುಚ್ಚಿದರು. ಸೊಪ್ಪು ಬೆಂದಿಲ್ಲ ಅಂತ ಅರ್ಥ. ಬೇರೆ ಬೇರೆ ಕಟ್ಟಿನಿಂದ ತೆಗೆದು ಕೊಟ್ಟರು, ಎಲ್ಲದರಲ್ಲೂ ಹಿಂದಿನಿಂದ ಅದೇ ಗಂಜಳ. ನಾನು ತಲೆ ತಿರುಗಿ ಹಿತ್ತಲಲ್ಲಿ ಮಲಗಿಬಿಟ್ಟೆ. ಹೆಂಗಸು ಚುಟ್ಟ ಸೇದಿದ್ದನ್ನು ಜಗಲಿಯ ಆಳುಗಳು ನೋಡಿದ್ದರು, ಇನ್ನು ಕೇಳಬೇಕೆ. ಮರುದಿನ ಬಾವಿಯ ಹತ್ತಿರ ಒಬ್ಬಳು, “ಏನಮ್ಮಿ, ಇನ್ನೂ ಮೀಸೆ ಬರ್ಲಿಲ್ವಾ?” ಅಂದಳು. “ಬಂದ್ರ ನಿನ್ನ ಗಂಡಂಗ ಕೊಡ್ತೀನಿ ಬುಡು, ಅವನ್ಗೆ ಇಲ್ವಲ್ಲ,” ಅಂದೆ. ಆಮೇಲೆ ಯಾರೂ ಕೇಳಲಿಲ್ಲ. ನನ್ನ ಗಂಡ ಕೇಳಿದ್ದಕ್ಕೆ ಮಾವ ನಾನೇ ಸೇದಿಸಿದೆ ಅಂದರೇ ಹೊರತು ಯಾಕೆ ಅಂತ ಹೇಳಲಿಲ್ಲ.

ವರ್ತಕರು ಬಂದರು. ನನ್ನ ಗಂಡ ಕಟ್ಟುಗಳನ್ನು ಚಾಪೆಯ ಮೇಲೆ ಜೋಡಿಸಿಟ್ಟು, ದಾರದ ಉಂಡೆಯನ್ನು ತಂದೆಯ ಪಕ್ಕದಲ್ಲೇ ಇಟ್ಟಿದ್ದರು. ಮಾವ ಉಂಡೆ ಮುಟ್ಟಲಿಲ್ಲ. ಇನ್ನೂ ದಾರ ಬೀಳದ್ದನ್ನು ನೋಡಿ ವರ್ತಕರು ತಾವೇ ಒಂದು ಹಚ್ಚಿ, ಎರಡು ಸಲ ಎಳೆದು, ಚೆನ್ನಾಗೇ ಇದೆ, ದಾರ ಕಟ್ಟಿ, ಹೊರಡುತ್ತೇನೆ ಅಂದರು. ದಾರಿಯಲ್ಲಿ ತಿಂಡಿ ತಿಂದು ಎಲೆ ಅಡಿಕೆ ಹಾಕಿ ಬಂದ ಬಾಯಿ, ಅವರಿಗೆ ಅಷ್ಟೇ ಗೊತ್ತಾದದ್ದು. ಗಂಡನ ಮುಖ ಅರಳಿತು. ಕೊಳ್ಳುವವರೇ ಒಪ್ಪಿದ ಮೇಲೆ ಇನ್ನೇನು? ಒಂದು ಗಂಟು ಹಾಕಿದ್ದರೆ ಮುಗಿಯುತ್ತಿತ್ತು. ಮಾವನ ನಾಲಗೆಯ ಸುದ್ದಿಯೂ ನಾಲ್ಕು ಗೋಡೆಯೊಳಗೇ ಉಳಿಯುತ್ತಿತ್ತು.

ಮಾವ ಹೇಳಿದರು: “ನನ್ನ ನಾಲಗೆ ಹೋಯ್ತು ಸ್ವಾಮಿ. ಎರಡು ವರ್ಷದಿಂದ ನಿಮಗ ಹೇಳಿಲ್ಲ. ಈ ಸಲ ನೋಡಿದ್ದು ನನ್ನ ಸೊಸೆ. ಅವಳು ಸೊಪ್ಪು ಬೆಂದಿಲ್ಲ ಅಂದ್ಲು. ನಾನು ದಾರ ಕಟ್ಟಲ್ಲ.”

ಜಗಲಿಯಲ್ಲಿ ಸುತ್ತುವ ಕೈಗಳು ನಿಂತವು. ನನ್ನ ಗಂಡ ಎದ್ದು ಬೀದಿಗೆ ಹೋದರು. ವರ್ತಕರು ಕೈಯಲ್ಲಿದ್ದ ಚುಟ್ಟವನ್ನು ತಿರುಗಿಸಿ ನೋಡಿದರು, ಮಾವನನ್ನು ನೋಡಿದರು, ಟೋಪಿ ಹಾಕಿಕೊಂಡು ಬರಿಗೈಯಲ್ಲಿ ಹೊರಟರು. ಆ ವರ್ಷ ನಾವು ರಾಗಿಯನ್ನೂ ಅಳೆದು ಬೇಯಿಸಿದೆವು. ನನ್ನ ಗಂಡ ನನ್ನ ಜೊತೆ ಸರಿಯಾಗಿ ಮಾತಾಡಲು ಯುಗಾದಿ ಬರಬೇಕಾಯಿತು. ಮಾವ ಕಟ್ಟುಗಳನ್ನೆಲ್ಲ ಬಿಚ್ಚಿಸಿ, ಚುಟ್ಟ ಬಿಡಿಸಿ, ಸೊಪ್ಪನ್ನು ಮತ್ತೆ ಅಟ್ಟಿ ಹಾಕಿಸಿದರು.

ಮುಂದಿನ ವರ್ಷ ವರ್ತಕರು ಬರುತ್ತಾರೆಂದು ಯಾರೂ ನಂಬಿರಲಿಲ್ಲ. ಬಂದರು. ಚಾಪೆಯ ಮೇಲೆ ಕೂತು, ಬಾಗಿಲ ಕಡೆ ನೋಡಿ ಕೇಳಿದರು: “ಮರುಮಗಳು ಏನಂತಾರೆ?” ಸೊಸೆಯನ್ನು ಅವರ ತಮಿಳಲ್ಲಿ ಹಾಗೆ ಅನ್ನುತ್ತಾರೆ. ಮಾವ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆವತ್ತು. ಮೀಸೆಯ ಎರಡು ಕಡೆಯೂ ಒಟ್ಟಿಗೆ ಎದ್ದವು.

ಆಮೇಲೆ ಅವರು ಬಹಳ ವರ್ಷ ಬದುಕಲಿಲ್ಲ. ಸತ್ತ ನಾಲಗೆಯ ಎಡ ಅಂಚಿನಲ್ಲಿ ಹುಣ್ಣಾಯಿತು. ಮೈಸೂರಿಗೆ ಕರೆದುಕೊಂಡು ಹೋದೆವು, ಡಾಕ್ಟರು ನೋಡಿ ಮನೆಗೆ ಕರೆದುಕೊಂಡು ಹೋಗಿ ಅಂದರು. ಚುಟ್ಟವೇ ತಿಂದಿತು ಅವರನ್ನು, ಅದನ್ನು ಮುಚ್ಚಿ ಹೇಳುವುದು ನನಗೆ ಬೇಕಿಲ್ಲ. ಅವರಿಗೂ ಗೊತ್ತಿತ್ತು. ಸಪ್ಪೆ ದಿನ ಬಂದರೆ ನನಗೆ ಒಂದು ಎಳೆತಕ್ಕಿಂತ ಹೆಚ್ಚು ಎಳೆಯಲು ಬಿಡುತ್ತಿರಲಿಲ್ಲ. ಬೇಗ ಉಗಿದು ಬಾಯಿ ತೊಳಿ ಅನ್ನುವರು.

ಅವರು ಹಾಸಿಗೆ ಹಿಡಿದ ಮೇಲೆ ನನ್ನ ಗಂಡ ಮೊದಲ ಸಲ ತಾವೊಬ್ಬರೇ ನಿಂತು ಒಂದು ಅಟ್ಟಿ ಬೇಯಿಸಿದರು. ಹೊತ್ತು ಕಾದರು, ಬೆಲ್ಲದ ನೀರು ಚಿಮುಕಿಸಿದರು, ಪಾಪ, ಏನೂ ಕಡಿಮೆ ಮಾಡಲಿಲ್ಲ. ಚುಟ್ಟ ಸುತ್ತಿಸಿ ಕಟ್ಟು ಕಟ್ಟಿಸಿದರು. ಆಸೆ ತಡೆಯದೆ ಹಳದಿ ದಾರವನ್ನೂ ಕಟ್ಟಿ ತಂದು ತಂದೆಯ ಹಾಸಿಗೆಯ ಪಕ್ಕ ಇಟ್ಟರು. ಮಧ್ಯಾಹ್ನದ ಬೆಳಕು. ಮಾವನಿಗೆ ಆಗ ಮಾತು ಕಷ್ಟ. ದಾರ ನೋಡಿದರು, ನನ್ನ ಕಡೆ ಬೆರಳು ಮಾಡಿದರು.

ನಾನು ಹಚ್ಚಿ ಎಳೆದೆ. ಗಂಡ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಸಾಯುವ ತಂದೆಯ ಎದುರು ಒಂದು ಒಳ್ಳೇ ಮಾತು ಅಂತ ಅವರ ಕಣ್ಣು ಕೇಳುತ್ತಿತ್ತು. ಒಳ್ಳೇ ಮಾತು ನನ್ನ ಬಾಯಿಗೂ ಬಂದಿತ್ತು. ಮಾವನ ಕಣ್ಣು ನನ್ನ ಮೇಲಿತ್ತು.

“ಮುಂದ್ಕ ಹುರುಳಿ ಅದ ಮಾವ. ಹಿಂದ್ಕ ಇನ್ನೂ ಚೂರು ಗಂಜಳ ಉಳುದದ.”

ಅವರು ತಲೆಯಾಡಿಸಿದರು. ತುಂಬ ಹೊತ್ತು ಅಕ್ಷರ ಅಕ್ಷರ ಸೇರಿಸಿ ಹೇಳಿದರು: “ಇದ ಮಾರ್ಬ್ಯಾಡಿ.” ಮಗನ ಕೈ ಹಿಡಿದುಕೊಂಡೇ ಹೇಳಿದರು. ಬಿಡಲಿಲ್ಲ.

ಅವರಿಂದ ನಾನು ಕೇಳಿದ ಕೊನೇ ಮಾತು ಅದು. ನಾಲ್ಕು ಜನ ಆಮೇಲೆ ನನ್ನನ್ನು ಅಂದರು, ಚೆನ್ನಾಗಿದೆ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ. ಇವತ್ತು ನನ್ನ ಸೊಸೆಯಂದಿರೂ ಸಾರಿನ ವಿಷಯಕ್ಕೆ ಅದನ್ನೇ ಅನ್ನುತ್ತಾರೆ. ನನಗೆ ಆ ಮಾತು ಬರುವುದಿಲ್ಲ. ನನ್ನನ್ನು ಬಾಗಿಲ ಸಂದಿಯಿಂದ ಈಚೆ ಕರೆದು ಕೂರಿಸಿದವರು ಅದನ್ನು ನನಗೆ ಕಲಿಸಲಿಲ್ಲ.

ಆವತ್ತು ನನ್ನ ಗಂಡ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಮಾವನಿಗೆ ಮಂಪರು ಹತ್ತಿ ಕೈ ತಾನಾಗೇ ಸಡಿಲವಾದ ಮೇಲೆ ಅಲ್ಲೇ ನೆಲದ ಮೇಲೆ ಕೂತು, ಒಂದೊಂದು ಕಟ್ಟನ್ನೂ ತೊಡೆಯ ಮೇಲಿಟ್ಟುಕೊಂಡು, ದಾರ ಹರಿಯದ ಹಾಗೆ ಗಂಟು ಬಿಚ್ಚಿ ಮತ್ತೆ ಉಂಡೆಗೆ ಸುತ್ತಿದರು.