ಬರೆಯದೆ ಬಿಟ್ಟ ಸೊನ್ನೆ

ಬೆಳಗಿನ ಆರು ಗಂಟೆ. ಹೊಣಕೆರೆ ಹೋಬಳಿಯ ಈ ಪುಟ್ಟ ಊರಿನ ಡೈರಿಯ ಮುಂದೆ ಕ್ಯಾನುಗಳು ಸಾಲುಗಟ್ಟಿವೆ. ಒಳಗೆ ಚೈತ್ರ ಒಬ್ಬೊಬ್ಬರ ಹಾಲನ್ನೂ ಕಲಕಿ, ತುಸು ತೆಗೆದು, ಫ್ಯಾಟ್ ನೋಡುವ ಯಂತ್ರಕ್ಕೆ ಹಿಡಿದು, ಬಂದ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾರೆ. ನೂರಾ ನಲವತ್ತು ಮನೆಗಳ ಹಾಲು, ದಿನಕ್ಕೆ ಎರಡು ಹೊತ್ತು. ಏಳೂಕಾಲಿಗೆ ಹಾಲಿನ ಗಾಡಿ ಹೊರಟ ಮೇಲೆ ಜನ ಮನೆ ಕಡೆ ನಡೆಯುತ್ತಾರೆ. ಒಂಬತ್ತು ಮಂದಿ ಮಾತ್ರ ಅಲ್ಲೇ ಸುಳಿದಾಡುತ್ತಾರೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರಾಗಿ ಹಿಂದಿನ ಜಗಲಿಗೆ ಬಂದು ಕೂರುತ್ತಾರೆ. ಸೆರಗಿನಡಿಯಿಂದ, ಟವಲಿನ ಮಡಿಕೆಯಿಂದ ಮಕ್ಕಳ ಗಣಿತದ ಪುಸ್ತಕಗಳು ಹೊರಬರುತ್ತವೆ.

ಇದು ಅಪ್ಪ ಅಮ್ಮಂದಿರಿಗೆ ನಡೆಯುವ ಪಾಠ. ಮಕ್ಕಳು ಇತ್ತ ಬರುವಂತಿಲ್ಲ. ಚೈತ್ರ ಪೊರಕೆ ಕಡ್ಡಿಯ ಚೂರುಗಳನ್ನು ಮುಂದಿಡುತ್ತಾರೆ. ನೂರರ ಆರು ಕಟ್ಟು, ಹತ್ತರ ಒಂದು ಕಟ್ಟು, ಬಿಡಿ ಎರಡು. ಆರುನೂರ ಹನ್ನೆರಡನ್ನು ಆರು ಜನಕ್ಕೆ ಹಂಚಬೇಕು. ಟ್ರಾಕ್ಟರು ಓಡಿಸುವ ನಿಂಗರಾಜು ನೂರರ ಕಟ್ಟುಗಳನ್ನು ತಲೆಗೊಂದರಂತೆ ಹಂಚಿ, ಹತ್ತರ ಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಅದು ಆರು ಜನಕ್ಕೆ ಸಾಲದು.

"ಸಾಲ್ದು ಅಂದ್ರೆ ಆ ಜಾಗಕ್ಕೆ ಸೊನ್ನೆ ಬರೀರಿ ಅಣ್ಣ. ಆಮ್ಯಾಕೆ ಕಟ್ಟು ಬಿಚ್ಚಿ," ಎನ್ನುತ್ತಾರೆ ಚೈತ್ರ.

ಬಿಚ್ಚಿದ ಹತ್ತಕ್ಕೆ ಬಿಡಿ ಎರಡು ಸೇರಿ ಹನ್ನೆರಡು, ತಲೆಗೆ ಎರಡು. ಉತ್ತರ ನೂರಾ ಎರಡು. ಮಗನಿಗೆ ತಾವು ಹೇಳಿಕೊಟ್ಟಿದ್ದು ಬರೀ ಹನ್ನೆರಡು ಎಂದು ನಿಂಗರಾಜು ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುತ್ತಾರೆ. ಯಾರೂ ನಗುವುದಿಲ್ಲ. ಇದೇ ತಪ್ಪನ್ನು ಚೈತ್ರ ಒಂದಿಡೀ ವರ್ಷ ಮಾಡಿದ್ದಾರೆ.

ಮೂವತ್ತೈದರ ಚೈತ್ರ ಹೊಸಹೊಳಲಿನ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲೇ ನಪಾಸು. ಗಂಡನ ಮನೆಯಲ್ಲಿ ಹತ್ತನೇ ತರಗತಿಯ ಮೆಟ್ಟಿಲು ಹತ್ತಿದವರು ಬೇರಾರೂ ಇರಲಿಲ್ಲ, ಹಾಗಾಗಿ ಓದಿದ ಸೊಸೆ ಎಂಬ ಹೆಸರು ಬಂತು. ನಪಾಸಾದದ್ದನ್ನು ಅವರು ಬಾಯಿಬಿಡಲಿಲ್ಲ. ಡೈರಿಯಲ್ಲಿ ಲೆಕ್ಕವೆಲ್ಲ ಯಂತ್ರದ್ದೇ. ಮಗಳು ಅನು ಐದನೇ ತರಗತಿಗೆ ಬಂದಾಗ ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಭಾಗಾಕಾರ ಹೇಳಿಕೊಡತೊಡಗಿದರು. ಭಾಗ ಹೋಗದಿದ್ದರೆ ಪಕ್ಕದ ಅಂಕಿ ಇಳಿಸಿಕೋ, ಅಷ್ಟೇ. ಸೊನ್ನೆಯ ಮಾತೇ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದರು. ಮೇಷ್ಟ್ರು ಬೇರೆ ಥರ ಹೇಳಿದ್ದಾರೆ ಎಂದು ಅನು ಒಮ್ಮೆ ಅಂದಳಂತೆ.

"ನಂಗೇ ಏಳ್ಕೊಡಕ್ಕೆ ಬತ್ತೀಯಾ ಅಂದೆ ಸಾ. ತಲೆ ಮ್ಯಾಲೆ ಮೊಟಕ್ಬುಟ್ಟೆ. ಮತ್ತೆ ಅವ್ಳು ಆ ಮಾತೇ ಎತ್ತಲಿಲ್ಲ," ಎಂದು ಚೈತ್ರ ನನ್ನ ಬಳಿ ಹೇಳುತ್ತಾರೆ.

ಆ ವರ್ಷ ಯುಗಾದಿಗೆ ಸುಣ್ಣ ಬಳಿಯಲು ಟ್ರಂಕು ಸರಿಸಿದಾಗ ಅದರ ಹಿಂದೆ ಮೂರು ನೋಟುಪುಸ್ತಕ ಸಿಕ್ಕವು. ಮುಂದಿನ ಹಾಳೆಗಳಲ್ಲಿ ತಾವು ಹೇಳಿಕೊಟ್ಟ ಲೆಕ್ಕಗಳು, ಸಾಲು ಸಾಲು ಕೆಂಪು ಗೆರೆ, ಗಮನವಿಲ್ಲ ಎಂಬ ಷರಾ. ಕೊನೆಯ ಹಾಳೆಗಳಲ್ಲಿ ಅವೇ ಲೆಕ್ಕಗಳು ಪೆನ್ಸಿಲಿನಲ್ಲಿ, ಸಣ್ಣದಾಗಿ, ಬೇರೆ ಉತ್ತರಗಳೊಂದಿಗೆ. ಚೈತ್ರ ಫೋನಿನಲ್ಲಿ ಒಂದೊಂದನ್ನೂ ಒತ್ತಿ ನೋಡಿದರು. ಪೆನ್ಸಿಲಿನದ್ದೆಲ್ಲ ಸರಿಯಿತ್ತು.

"ಅವ್ಳಿಗೆ ಬತ್ತಿತ್ತು ಸಾ. ನಂಗೆ ಅವಮಾನ ಆಯ್ತದೆ ಅಂತ ತಪ್ಪೇ ಬರ್ಕೊಂಡು ಓಗ್ತಿದ್ಲು. ಅಲ್ಲಿ ಬೈಸ್ಕೊತಿದ್ಲು."

ಪುಸ್ತಕಗಳನ್ನು ಇದ್ದಲ್ಲೇ ಇಟ್ಟುಬಿಟ್ಟರು. ಮೂರು ದಿನ ಮಗಳ ಮುಖ ನೋಡಲಾಗಲಿಲ್ಲ, ಕೆಲಸವಿದೆಯೆಂದು ಸಂಜೆ ಡೈರಿಯಲ್ಲೇ ಉಳಿದರು. ಅಮ್ಮನಿಗೆ ತನ್ನ ಮೇಲೆ ಸಿಟ್ಟೆಂದುಕೊಂಡ ಅನು ತಾನಾಗಿ ಪಾತ್ರೆ ತೊಳೆದು, ಕೊಟ್ಟಿಗೆ ಗುಡಿಸಿಟ್ಟಳು. ಅದನ್ನು ಕಂಡ ಮರುದಿನ ಚೈತ್ರ ನೇರ ಶಾಲೆಗೆ ಹೋಗಿ ಪುಟ್ಟಸ್ವಾಮಿ ಮೇಷ್ಟ್ರಿಗೆ ಎಲ್ಲ ಹೇಳಿದರು. ತಾವು ನಪಾಸಾಗಿದ್ದನ್ನೂ ಹೇಳಿದರು.

ಮೇಷ್ಟ್ರು ಈಗ ನಿವೃತ್ತರು. ಉತ್ತರ ಹೇಳದ ಆ ಮಗುವನ್ನು ಬಾಗಿಲಾಚೆ ನಿಲ್ಲಿಸಿದ್ದೆ, ಪುಸ್ತಕದ ಕೊನೆಯ ಹಾಳೆ ತಿರುವಿ ನೋಡಲಿಲ್ಲ ಎಂದು ನನ್ನೆದುರು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಐದು ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ, ಖಾಲಿ ತರಗತಿಯಲ್ಲಿ ಅವರು ಚೈತ್ರರಿಗೆ ಪಾಠ ಮಾಡಿದರು. ಕಡ್ಡಿಕಟ್ಟಿನ ಉಪಾಯ ಅವರದೇ. ಮತ್ತೆ ಮಗಳ ಪಕ್ಕ ಕೂತ ಸಂಜೆ ಚೈತ್ರ ಸೊನ್ನೆ ಹಾಕಿ ತೋರಿಸಿದರು. ಅನು ಒಮ್ಮೆ ಅಮ್ಮನ ಮುಖ ನೋಡಿ ಬರೆದುಕೊಂಡಳು.

ಜಗಲಿಯ ಪಾಠಕ್ಕೆ ಈಗ ಮೂರು ವರ್ಷ. ಹಾಲು ಹಾಕಲು ಬಂದ ತಾಯಿಯೊಬ್ಬರು ಮಗನನ್ನು ದಡ್ಡ ಮುಂಡೇದು ಎಂದು ಬಯ್ಯುವಾಗ, ನಿಮಗೆ ಆ ಲೆಕ್ಕ ಬರುತ್ತದೆಯೇ ಎಂದು ಚೈತ್ರ ಪಕ್ಕಕ್ಕೆ ಕರೆದು ಕೇಳಿದ್ದೇ ಆರಂಭ. ಇದುವರೆಗೆ ಐವತ್ತೆಂಟು ಮಂದಿ ಕೂತಿದ್ದಾರೆ. ಪಾಲಹಳ್ಳಿಯಲ್ಲಿರುವ ಚೈತ್ರರ ತಂಗಿ ಫೋನಿನಲ್ಲಿ ಕಲಿಯುತ್ತಾರೆ. ಎಲ್ಲರೂ ಉಳಿಯುವುದಿಲ್ಲ. ಗಂಡ ನಕ್ಕನೆಂದು ಒಬ್ಬರು ಎರಡೇ ದಿನಕ್ಕೆ ಬಿಟ್ಟರು. ಈಗ ಅವರ ಮನೆಯ ಹಾಲನ್ನು ಮೈದುನ ತರುತ್ತಾನೆ. ಆ ಕ್ಯಾನು ಬಂದಾಗಲೆಲ್ಲ ಚೈತ್ರರ ಮುಖ ಸಣ್ಣದಾಗುತ್ತದೆ.

ಇಲ್ಲಿ ಮೊದಲು ಕಲಿಸುವುದು ಒಂದು ಮಾತು: "ನಂಗೂ ಗೊತ್ತಿಲ್ಲ ಕಣಪ್ಪ, ಇಬ್ರೂ ನೋಡಾನ." ಭಾಗಾಕಾರ ವಾರದಲ್ಲಿ ಬರುತ್ತದೆ. ಈ ಮಾತನ್ನು ಮಗನ ಮುಂದೆ ಆಡಲು ನಿಂಗರಾಜುಗೆ ಮೂರು ವಾರ ಹಿಡಿಯಿತು.

ಅನು ಈಗ ಒಂಬತ್ತನೇ ತರಗತಿ, ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋಗುತ್ತಾಳೆ. ಅವಳ ಗಣಿತ ಅಮ್ಮನನ್ನು ದಾಟಿ ಹೋಗಿದೆ. ಆ ನೋಟುಪುಸ್ತಕಗಳ ಬಗ್ಗೆ ಮಗಳ ಹತ್ತಿರ ಮಾತಾಡಿದಿರಾ ಎಂದು ಕೇಳುತ್ತೇನೆ. ಚೈತ್ರ ಕ್ಯಾನು ತೊಳೆಯುತ್ತಲೇ ತಲೆಯಾಡಿಸುತ್ತಾರೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಇಲ್ಲ. ಹಾಗಾದರೆ ಲೇಖನದಲ್ಲಿ ಆ ಭಾಗ ಬಿಡುತ್ತೇನೆ, ಬೇಕಿದ್ದರೆ ಹೆಸರು ಬದಲಿಸುತ್ತೇನೆ ಎನ್ನುತ್ತೇನೆ. ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾರೆ.

"ಬ್ಯಾಡಿ ಸಾ, ನನ್ನೆಸ್ರೇ ಆಕಿ. ಮೊಟಕಿದ್ದೂ ಬರೀರಿ. ಭಾನ್ವಾರದ ಪೇಪರ್ರು ಅವ್ಳು ಓದ್ತಾಳೆ. ತಪ್ಪಾಯ್ತು ಅನ್ನಕ್ಕೆ ನಂಗೆ ಬಾಯೇ ಬರ್ಲಿಲ್ಲ, ಇಂಗಾದ್ರೂ ಗೊತ್ತಾಗ್ಲಿ."